ಲೆಪ್ಟಿನ್ ಸಂದೇಶದ ಬಗ್ಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. "ಹಸಿವಿನ ಹಾರ್ಮೋನಿನಿಂದ ಅನ್ನನಾಳದ ಕ್ಯಾನ್ಸರ್ ಬೆಳೆಯುತ್ತದೆ, ರೋಗಿಯ ಊಟ ಕಡಿಮೆ ಮಾಡಿ" ಎಂಬ ಸಂದೇಶವನ್ನು ದಯವಿಟ್ಟು ಯಾರೂ ಮುಂದಕ್ಕೆ ಕಳುಹಿಸಬೇಡಿ.

ಆ ಸಂದೇಶ ಹೇಳುವ ಹಾರ್ಮೋನು ಲೆಪ್ಟಿನ್. 1994ರಲ್ಲಿ ಪತ್ತೆಯಾದ ಅದು ಮುಖ್ಯವಾಗಿ ಕೊಬ್ಬಿನ ಕೋಶಗಳಿಂದ ಹೊರಡುತ್ತದೆ. ಮೈಯಲ್ಲಿ ಕೊಬ್ಬು ಸಾಕಷ್ಟಿದೆ, ಹಸಿವು ತಗ್ಗಿಸು ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಬೊಜ್ಜು ಇರುವವರ ರಕ್ತದಲ್ಲಿ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪ್ರಯೋಗಾಲಯದಲ್ಲಿ ಅಡಿನೋಕಾರ್ಸಿನೋಮಾ ಎಂಬ ಬಗೆಯ ಅನ್ನನಾಳದ ಕ್ಯಾನ್ಸರ್ ಕೋಶಗಳಿಗೆ ಲೆಪ್ಟಿನ್ ಸೇರಿಸಿದಾಗ ಅವು ಬೇಗ ಬೇಗ ಹೆಚ್ಚಿದವು, ಸಾಯಬೇಕಾದವೂ ಉಳಿದುಕೊಂಡವು. ಇಷ್ಟು ನಿಜ. ಆದರೆ ಅದು ಗಾಜಿನ ತಟ್ಟೆಯಲ್ಲಿ ಕಂಡದ್ದು. ರೋಗಿಯನ್ನು ಉಪವಾಸ ಕೆಡವಲು ಕಾರಣವಲ್ಲ. ಮೇಲಾಗಿ, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ ಎಂಬ ಇನ್ನೊಂದು ಬಗೆಯ ಅನ್ನನಾಳದ ಕ್ಯಾನ್ಸರ್. ಅದರ ಹಿಂದೆ ಮುಖ್ಯವಾಗಿ ಇರುವುದು ತಂಬಾಕು, ಅಡಿಕೆ, ಮದ್ಯ.

ನಮ್ಮ ತಂದೆಯವರಿಗೆ ಒಂದು ಅಗುಳು ಅನ್ನವೂ ಗಂಟಲಿನಿಂದ ಇಳಿಯದಿದ್ದಾಗ, ತಣ್ಣಗೆ ಮಾಡಿದ ರಾಗಿ ಅಂಬಲಿಯನ್ನು ಸೋಸಿ ಚಮಚ ಚಮಚವಾಗಿ ಕುಡಿಸಿದ್ದೇವೆ. ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ತೂಕ ಇಳಿದಷ್ಟೂ ಚಿಕಿತ್ಸೆ ತಾಳಿಕೊಳ್ಳುವುದು ಕಷ್ಟ. ನುಂಗುವಾಗ ಸಿಕ್ಕಿಕೊಂಡರೆ ಅಥವಾ ಕೆಮ್ಮು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ. ಏನು ಕೊಡಬೇಕು, ಆಹಾರ ಎಷ್ಟು ತೆಳ್ಳಗಿರಬೇಕು ಎಂಬುದನ್ನು ಅವರಿಂದಲೇ ಕೇಳಿಕೊಳ್ಳಿ.