ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆಯ ಚೀಟಿ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಆಟದ ನಡುವೆ ಪದೇ ಪದೇ ನಿಂತುಹೋಗುವ ಗೇಮಿಂಗ್ ಕಂಪ್ಯೂಟರುಗಳ ದುರಸ್ತಿಯ ಹೆಸರಿನಲ್ಲಿ ನಮ್ಮ ಊರುಗಳ ಮನೆಗಳಿಂದ ಸೋರಿಹೋಗುತ್ತಿರುವ ಹಣದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವನು. ಇದು ಮಕ್ಕಳ ಆಟಿಕೆಯ ವಿಷಯವೆಂದು ಓದುಗರು ಪಕ್ಕಕ್ಕಿಡಬಾರದೆಂದು ಕೋರುತ್ತೇನೆ. ಏಕೆಂದರೆ ದಾವಣಗೆರೆಯಂಥ ಊರಿನಲ್ಲಿ 80 ಸಾವಿರವೋ 1 ಲಕ್ಷವೋ ಕೊಟ್ಟು ಕೊಳ್ಳುವ ಈ ಯಂತ್ರದಲ್ಲಿಯೇ ಹುಡುಗರು ಎಂಜಿನಿಯರಿಂಗ್ ಡ್ರಾಯಿಂಗ್ ಮಾಡುತ್ತಾರೆ, ವಿಡಿಯೊ ಸಂಕಲನ ಮಾಡಿ ಕೈಖರ್ಚಿಗೆ ದುಡಿಯುತ್ತಾರೆ, ಮತ್ತು ಬಹುತೇಕ ಮನೆಗಳಲ್ಲಿ ಅದರ ಕಂತು ಇನ್ನೂ ತೀರಿರುವುದಿಲ್ಲ.

ನನ್ನ ತಂಗಿಯ ಮಗ ಎಂಜಿನಿಯರಿಂಗ್ ವಿದ್ಯಾರ್ಥಿ. ಅವನ ಕಂಪ್ಯೂಟರ್ ಕಳೆದ ಮಳೆಗಾಲದಲ್ಲಿ ಆಟ ಶುರುವಾಗಿ 20 ನಿಮಿಷಕ್ಕೆಲ್ಲ ಆಫ್ ಆಗತೊಡಗಿತು. ಕೊಂಡ ಅಂಗಡಿಗೆ ಒಯ್ದಾಗ ಮೊದಲು ವಿಂಡೋಸ್ ಫಾರ್ಮ್ಯಾಟ್ ಮಾಡಿ 700 ರೂಪಾಯಿ ಪಡೆದರು. ತೊಂದರೆ ಹೋಗಲಿಲ್ಲ. ಎರಡನೆಯ ಸಲ ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೆಂದು ಹೇಳಿ, ಹಳೆಯದನ್ನು ಅಲ್ಪ ಬೆಲೆಗೆ ಇಟ್ಟುಕೊಂಡು, ಇನ್ನೂ 30 ಸಾವಿರ ಪಡೆದು ಅದಕ್ಕಿಂತ ದೊಡ್ಡ ಕಾರ್ಡ್ ಹಾಕಿಕೊಟ್ಟರು. ಹೊಸ ಕಾರ್ಡ್ ಬಂದ ಮೇಲೆ ಕಂಪ್ಯೂಟರ್ 5 ನಿಮಿಷಕ್ಕೇ ಆಫ್ ಆಗುತ್ತಿತ್ತು. ಮೂರನೆಯ ಸಲ, ಎಲ್ಲ ಭಾಗಗಳೂ ಕೂಡಿಕೊಳ್ಳುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಬದಲಿಸಬೇಕೆಂಬ ಮಾತು ಬಂದಾಗ ತಂಗಿ ನನಗೆ ಫೋನ್ ಮಾಡಿದಳು. ಹುಡುಗ ಯಂತ್ರವನ್ನು ಆಟೊದಲ್ಲಿ ಹೊತ್ತು ತಂದು, ‘ಮಾವ, ಆಟದ ನಡುವೆ ಮನೆಯ ಕರೆಂಟು ಹೋದ ಹಾಗೆ ಫಟ್ಟಂತ ಆಫ್ ಆಗುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ’ ಎಂದ. ಇದೇ ಮಾತನ್ನು ಅಂಗಡಿಯಲ್ಲಿ ಮೂರು ಸಲವೂ ಹೇಳಿದ್ದನಂತೆ. ರೋಗದ ಅರ್ಧ ಪತ್ತೆ ಆ ಒಂದು ವಾಕ್ಯದಲ್ಲಿಯೇ ಇತ್ತು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

ಕಂಪ್ಯೂಟರ್ ಕೆಡುವ ಬಗೆಗಳು ಒಂದೇ ತೆರನಾಗಿರುವುದಿಲ್ಲ. ಆಟವೊಂದೇ ಮುಚ್ಚಿಕೊಂಡು ವಿಂಡೋಸ್ ಉಳಿದರೆ ಅದು ಒಂದು ಬಗೆ, ನೀಲಿ ಪರದೆ ಬಂದು ರೀಸ್ಟಾರ್ಟ್ ಆದರೆ ಇನ್ನೊಂದು, ಚಿತ್ರ ಹೆಪ್ಪುಗಟ್ಟಿದಂತೆ ನಿಂತು ಶಬ್ದ ಮಾತ್ರ ಗರಗರನೆ ಕೇಳಿಸಿದರೆ ಮತ್ತೊಂದು, ದೀಪ ಆರಿಸಿದಂತೆ ಎಲ್ಲವೂ ಒಮ್ಮೆಲೇ ಹೋದರೆ ಬೇರೆಯೇ ಒಂದು. ವಿಂಡೋಸ್‌ನಲ್ಲಿರುವ ಇವೆಂಟ್ ವ್ಯೂವರ್ ಇವೆಲ್ಲವುಗಳ ದಿನಚರಿಯನ್ನು ಗಳಿಗೆ ಸಮೇತ ಬರೆದಿಟ್ಟಿರುತ್ತದೆ. ತಂಗಿಯ ಮಗನ ಯಂತ್ರದಲ್ಲಿ ಪ್ರತಿ ಸಲವೂ ‘ಕರ್ನೆಲ್-ಪವರ್ 41’ ಎಂಬ ದಾಖಲೆಯಿತ್ತು, ಅದರೊಳಗಿನ ದೋಷಸಂಖ್ಯೆಯ ಜಾಗದಲ್ಲಿ ಸೊನ್ನೆಯಿತ್ತು, ಕೆಟ್ಟ ಗಳಿಗೆಯ ಮೆಮೊರಿಯ ಪ್ರತಿಯನ್ನು ವಿಂಡೋಸ್ ಉಳಿಸಿಡುವ ಮಿನಿಡಂಪ್ ಫೋಲ್ಡರ್ ಖಾಲಿಯಿತ್ತು. ‘41’ ಎಂಬುದು ಕಾರಣವಲ್ಲ, ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂಬ ಸುದ್ದಿ ಮಾತ್ರ. ಹೆಸರಿನಲ್ಲಿ ಪವರ್ ಇದೆಯೆಂದು ಅದನ್ನು ಕಂಡ ಕೂಡಲೇ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಮಾರ್ಪಡಿಸಿ ಕೊಡುವ ಪೆಟ್ಟಿಗೆ) ಕೆಟ್ಟಿದೆ ಎನ್ನುವವರೂ ತಪ್ಪುತ್ತಾರೆ. ಆದರೆ ದೋಷಸಂಖ್ಯೆ ಸೊನ್ನೆಯಾಗಿದ್ದು, ಮೆಮೊರಿಯ ಪ್ರತಿಯೂ ಉಳಿಯದೆ, ನೋಡುತ್ತಿದ್ದವರೂ ದೀಪ ಆರಿದಂತಾಯಿತೆಂದು ಹೇಳಿದರೆ, ವಿಂಡೋಸ್‌ಗೆ ಏನನ್ನಾದರೂ ಬರೆದುಕೊಳ್ಳುವ ಕ್ಷಣವೂ ಸಿಗದಂತೆ ವಿದ್ಯುತ್ ಕಡಿದುಹೋಗಿದೆ ಎಂದು ಮೊದಲು ಅನುಮಾನಿಸಬೇಕಾಗುತ್ತದೆ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ನಾನು ಖರ್ಚು ಮಾಡಿದ್ದು ಒಂದು ಸಂಜೆಯನ್ನು ಮಾತ್ರ. ಗ್ರಾಫಿಕ್ಸ್ ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿಯನ್ನು ಉಚಿತವಾಗಿ ಸಿಗುವ ಒಂದು ತಂತ್ರಾಂಶದಿಂದ ಶೇ 70ಕ್ಕೆ ಇಳಿಸಿದೆ. ಐದು ನಿಮಿಷಕ್ಕೆ ಆಫ್ ಆಗುತ್ತಿದ್ದ ಯಂತ್ರ ಅದೇ ಆಟವನ್ನು ಮೂರು ಗಂಟೆ ನಡೆಸಿತು. ಮಿತಿಯನ್ನು ಮತ್ತೆ ಏರಿಸಿದಾಗ ಮತ್ತೆ ಆಫ್ ಆಯಿತು. ಪಕ್ಕದ ಬೀದಿಯ ಹುಡುಗನೊಬ್ಬನಿಂದ 750 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಜೋಡಿಸಿದಾಗ ಪೂರ್ಣ ಮಿತಿಯಲ್ಲಿಯೂ ತೊಂದರೆ ಬರಲಿಲ್ಲ. ಕಾರ್ಡ್ ಸರಿಯಿತ್ತು, ಮದರ್‌ಬೋರ್ಡ್ ಸರಿಯಿತ್ತು. ಕೊಟ್ಟುಕಳುಹಿಸಿದ ಹಳೆಯ ಕಾರ್ಡ್ ಕೂಡ ಸರಿಯಾಗಿಯೇ ಇದ್ದಿರಬೇಕು.

ತೆಗೆದಿಟ್ಟ ಎಸ್‌ಎಂಪಿಎಸ್‌ನ ಪಕ್ಕದ ಚೀಟಿಯನ್ನು ನಾನು ಹುಡುಗನಿಗೆ ಓದಿ ತೋರಿಸಿದೆ, ಇದನ್ನು ಎಲ್ಲ ತಂದೆತಾಯಿಯರೂ ಓದಲು ಕಲಿಯಬೇಕೆಂಬುದು ನನ್ನ ಆಸೆ. ಮೇಲೆ ದಪ್ಪ ಅಕ್ಷರದಲ್ಲಿ 650 ವ್ಯಾಟ್ ಎಂದಿತ್ತು. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಮುಂದೆ 30 ಆಂಪಿಯರ್ ಎಂದಿತ್ತು. ಹನ್ನೆರಡನ್ನು ಮೂವತ್ತರಿಂದ ಗುಣಿಸಿದರೆ ಬರುವುದು 360 ವ್ಯಾಟ್ ಮಾತ್ರ. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು ಆ 12 ವೋಲ್ಟ್ ಸಾಲಿನಿಂದಲೇ, ಉಳಿದ 3.3 ಮತ್ತು 5 ವೋಲ್ಟ್ ಸಾಲುಗಳ ಅಂಕಿಗಳನ್ನು ಕೂಡಿಸಿ ಮೇಲೆ ದೊಡ್ಡ ಸಂಖ್ಯೆ ಬರೆದರೆ ಅದರಿಂದ ಆಟಗಾರನಿಗೆ ಪ್ರಯೋಜನವಿಲ್ಲ. ಹಳೆಯ ಕಾರ್ಡ್ 220 ವ್ಯಾಟ್‌ನದು, ಹೊಸದು ಅದಕ್ಕಿಂತ ಹೆಚ್ಚಿನದು. ಆದರೆ ಈ ಅಂಕಿಗಳು ಸರಾಸರಿಯವು, ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕಾರ್ಡ್ ಅದಕ್ಕಿಂತ ಬಹಳ ಹೆಚ್ಚನ್ನು ಎಳೆಯುತ್ತದೆ, ಆ ಗಳಿಗೆಯಲ್ಲಿ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಬಾಗಿಲು ಮುಚ್ಚುತ್ತದೆ. ಸಾಲದೆಂಬಂತೆ ಕಾರ್ಡಿನ ಎರಡೂ ಕನೆಕ್ಟರ್‌ಗಳಿಗೆ ಒಂದೇ ಕೇಬಲ್ಲಿನ ಎರಡು ತುದಿಗಳನ್ನು ಸಿಕ್ಕಿಸಲಾಗಿತ್ತು. ಎಂಟು ಪಿನ್ನಿನ ಒಂದೊಂದು ಕನೆಕ್ಟರ್ 150 ವ್ಯಾಟ್‌ಗೆ ನಿಗದಿಯಾದದ್ದು, ಭಾರಿ ಕಾರ್ಡುಗಳಿಗೆ ಪ್ರತ್ಯೇಕ ಕೇಬಲ್ ಎಳೆಯುವುದೇ ಕ್ರಮ. ಒಳ್ಳೆಯ ಎಸ್‌ಎಂಪಿಎಸ್‌ಗೆ ಕೊನೆಗೆ ತಗುಲಿದ್ದು 7 ಸಾವಿರದಷ್ಟು. ಅದನ್ನು ಮೊದಲೇ ಪರೀಕ್ಷಿಸಿದ್ದರೆ ನನ್ನ ತಂಗಿಯ 30 ಸಾವಿರ ಉಳಿಯುತ್ತಿತ್ತು.

ಗೋಡೆಯ ಸಾಕೆಟ್ಟಿನ ಕಡೆಗೂ ಗಮನ ಹರಿಯಬೇಕು, ಏಕೆಂದರೆ ನಮ್ಮ ಎಷ್ಟೋ ಕಂಪ್ಯೂಟರುಗಳ ರೋಗ ಪೆಟ್ಟಿಗೆಯ ಹೊರಗಿರುತ್ತದೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದು ಮಕ್ಕಳು ಹೇಳಿದರೆ ದಯವಿಟ್ಟು ಅಲಕ್ಷಿಸಬೇಡಿ. ಎಸ್‌ಎಂಪಿಎಸ್‌ನ ಒಳಗಿರುವ ಶೋಧಕ ಕೆಪಾಸಿಟರುಗಳು ಅರ್ಥಿಂಗ್ ಇರುತ್ತದೆಂಬ ನಂಬಿಕೆಯ ಮೇಲೆ ಕೂತಿವೆ. ಅರ್ಥಿಂಗ್ ಕಡಿದಿದ್ದರೆ ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ 230 ವೋಲ್ಟ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್, ಕ್ಯಾಬಿನೆಟ್ಟಿನ ಮೈಮೇಲೆ ಬಂದು ನಿಲ್ಲುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ ಅತ್ಯಲ್ಪವಾದರೂ ಇಯರ್‌ಫೋನಿನ ಗೊರಗೊರ, ಯುಎಸ್‌ಬಿ ಕಡಿತದಂಥ ಕಾಟಗಳಿಗೆ ಅದು ಕಾರಣವಾಗಬಲ್ಲದು; ಅದಕ್ಕಿಂತ ಮುಖ್ಯವಾಗಿ, ಮುಂದೆ ನಿಜವಾದ ಸೋರಿಕೆಯಾದ ದಿನ ಆ ಮನೆಯಲ್ಲಿ ರಕ್ಷಣೆ ಇರುವುದಿಲ್ಲ. ಅರ್ಥಿಂಗ್ ನೋಡಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನೇ ಕರೆಸಬೇಕು, ಮಕ್ಕಳು ಟೆಸ್ಟರ್ ಹಿಡಿದು ಸಾಕೆಟ್ ಬಿಚ್ಚಬಾರದು. ಯುಪಿಎಸ್ ವಿಷಯವೂ ಇದರ ಜೊತೆಯದೇ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಕಚೇರಿಯ ಕಂಪ್ಯೂಟರಿಗೆ ಅದು ಸಾಕು, ಆಟ ನಡೆಯುತ್ತಿರುವಾಗ ಕರೆಂಟು ಹೋದರೆ ಅದು ಕೈಬಿಡುತ್ತದೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಜೋಡಿಸಿದ್ದರೆ ಅದರ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ಎಂದು ನೋಡಿ. ಫ್ಯಾನು, ದೀಪಗಳಿಗಾಗಿ ಇಟ್ಟ ಮೋಡ್‌ನಲ್ಲಿ ಬದಲಾವಣೆಯ ಅಂತರ ಎಸ್‌ಎಂಪಿಎಸ್ ತಾಳಿಕೊಳ್ಳಬಲ್ಲ ಹದಿನಾರು ಮಿಲಿಸೆಕೆಂಡಿನ ಆಸುಪಾಸನ್ನು ಮೀರಿಹೋಗಬಹುದು.

ಬಿಸಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಧೂಳು ಊದಿಸುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಎಲ್ಲರಿಗೂ ತಿಳಿದ ವಿಷಯ. ಇಂದಿನ ಪ್ರೊಸೆಸರುಗಳು 95 ಅಥವಾ 100 ಡಿಗ್ರಿ ಮುಟ್ಟಿದಾಗ ಮೊದಲು ವೇಗ ಇಳಿಸಿಕೊಳ್ಳುತ್ತವೆ, ಆದ್ದರಿಂದ ಬಿಸಿಯ ತೊಂದರೆ ಹೆಚ್ಚಾಗಿ ಆಟ ಎಡವುವುದರಲ್ಲಿ ಕಾಣುತ್ತದೆ. ರ‍್ಯಾಮ್, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ, ಮಾತ್ರ ಕಪಟಿ. 3600 ಎಂದು ಮಾರುವ ಡಿಡಿಆರ್4 ರ‍್ಯಾಮ್ ಆ ವೇಗದಲ್ಲಿ ಓಡುವುದು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ) ಎಕ್ಸ್‌ಎಂಪಿ ಎಂಬ ಪ್ರೊಫೈಲ್ ಆನ್ ಮಾಡಿದಾಗ. ಆ ವೇಗ ತಾಳದೆ ಯಂತ್ರ ಕೆಡುತ್ತಿದೆಯೇ ಎಂದು ತಿಳಿಯಲು ಅದನ್ನು ಒಂದು ದಿನ ಆಫ್ ಮಾಡಿ ನೋಡುವುದಕ್ಕೆ ಬಿಡಿಗಾಸಿನ ಖರ್ಚಿಲ್ಲ. ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ, ಅಲ್ಲಿ ಒಂದೇ ಒಂದು ತಪ್ಪು ಕಂಡರೂ ಅದನ್ನು ಕಡೆಗಣಿಸುವಂತಿಲ್ಲ.

ಪರದೆಯ ಮೇಲೆ ಬರುವ ಮಾತನ್ನೇ ನಂಬಿ ಭಾಗ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ನೋಡಿದ ಒಂದು ಪ್ರಕರಣವಿದೆ. ಇಂಟೆಲ್ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿದ್ದ ಯಂತ್ರಗಳಲ್ಲಿ ಅನೇಕ ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ತೋರಿಸಿ ಮುಚ್ಚಿಕೊಳ್ಳುತ್ತಿದ್ದವು. ಸಂದೇಶ ಓದಿದವರು ಸಹಜವಾಗಿಯೇ ಗ್ರಾಫಿಕ್ಸ್ ಕಾರ್ಡನ್ನು ದೂರಿದರು. ನಿಜವಾದ ದೋಷವಿದ್ದದ್ದು ಪ್ರೊಸೆಸರಿನಲ್ಲಿ: ಅದರೊಳಗಿನ ಮೈಕ್ರೋಕೋಡ್ (ಪ್ರೊಸೆಸರನ್ನು ನಡೆಸುವ ಒಳಗಿನ ಆದೇಶಗಳು) ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿತ್ತು ಎಂದು ಇಂಟೆಲ್ 2024ರ ಜುಲೈನಲ್ಲಿ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ವೋಲ್ಟೇಜನ್ನು 1.55 ವೋಲ್ಟ್‌ಗೆ ಮಿತಿಗೊಳಿಸುವ ತಿದ್ದುಪಡಿ ಹೊರತಂದಿತು, ಪೆಟ್ಟಿಗೆಯಲ್ಲಿ ಮಾರಾಟವಾದ ಪ್ರೊಸೆಸರುಗಳ ವಾರಂಟಿಯನ್ನು 3 ವರ್ಷದಿಂದ 5 ವರ್ಷಕ್ಕೆ ವಿಸ್ತರಿಸಿತು. ಆ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಅದು ಯಂತ್ರಕ್ಕೆ ತಲುಪುವುದು ಮುಖ್ಯವಾಗಿ ಬಯೋಸ್ ಅಪ್‌ಡೇಟ್ ಮೂಲಕ, ಮತ್ತು ನಾನು ನೋಡಿದ ಯಂತ್ರಗಳಲ್ಲಿ ಹೆಚ್ಚಿನವು ಅಂಗಡಿಯಿಂದ ಹೊರಟ ದಿನದ ಬಯೋಸ್‌ನಲ್ಲಿಯೇ ಇವೆ. ಈ ತಲೆಮಾರಿನ ಪ್ರೊಸೆಸರ್ ಇರುವವರು ಅಪ್‌ಡೇಟ್ ಮಾಡಿಸಿಕೊಳ್ಳಬೇಕು, ಅದೂ ಯುಪಿಎಸ್ ಮೇಲೆ, ಏಕೆಂದರೆ ನಡುವೆ ಕರೆಂಟು ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು.

ದುರಸ್ತಿ ಮಾಡುವವರೆಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಹಲವರು ನನ್ನ ವಿದ್ಯಾರ್ಥಿಗಳು. ಪರೀಕ್ಷೆಗೆ ಹಿಡಿಯುವ ಮೂರು ಗಂಟೆಗೆ ಗಿರಾಕಿ ಹಣ ಕೊಡುವುದಿಲ್ಲ, ಹೊಸ ಭಾಗಕ್ಕೆ ಮಾತ್ರ ಕೊಡುತ್ತಾನೆ ಎಂದು ಅವರು ಹೇಳುವುದರಲ್ಲಿ ಸತ್ಯವಿದೆ. ಆದ್ದರಿಂದ ಪರೀಕ್ಷೆಗೆ 500 ರೂಪಾಯಿ ಪ್ರತ್ಯೇಕವಾಗಿ ಕೊಡಲು ನಾವು ಗ್ರಾಹಕರು ಸಿದ್ಧರಾಗಬೇಕು, ಅದಕ್ಕೆ ಪ್ರತಿಯಾಗಿ ಏನನ್ನು ಪರೀಕ್ಷಿಸಿದಿರಿ, ಏನು ಕಂಡಿತು, ಯಾವ ಭಾಗವನ್ನು ಏಕೆ ಬದಲಿಸಬೇಕು ಎಂಬುದನ್ನು ಬರೆದುಕೊಡುವಂತೆ ಕೇಳಬೇಕು. ಬದಲಿಸುವ ಮುನ್ನ ಸರಿಯಿರುವ ಭಾಗವೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ತೋರಿಸುವಂತೆಯೂ ಕೇಳಬಹುದು. ಬಿಲ್ಲನ್ನಂತೂ ಬಿಡಲೇಬಾರದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ನನ್ನ ತಂಗಿಯ ಕೈಯಲ್ಲಿದ್ದದ್ದು ಸಹಿಯಿಲ್ಲದ ಕೈಬರಹದ ಚೀಟಿ. ಅದನ್ನು ಹಿಡಿದು ಎಲ್ಲಿಗೂ ಹೋಗಲಾಗಲಿಲ್ಲ. ಸರಿಯಾದ ಬಿಲ್ ಇರುವವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಮೊತ್ತದ ದೂರಿಗೆ ಶುಲ್ಕವೂ ಇಲ್ಲ.

ಐಟಿಐ ಮತ್ತು ಡಿಪ್ಲೊಮಾ ತರಗತಿಗಳಲ್ಲಿ ಭಾಗ ಬಿಚ್ಚಿ ಜೋಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ದೋಷ ಪತ್ತೆಯ ಕ್ರಮವನ್ನೂ ಕಲಿಸಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ಈ ಮೂಲಕ ವಿನಂತಿಸುತ್ತೇನೆ. ನಾನೇ ಕಲಿಸುತ್ತಿದ್ದಾಗ ಇದಕ್ಕೆ ಸಾಕಷ್ಟು ಸಮಯ ಕೊಡಲಿಲ್ಲ ಎಂಬ ಕೊರಗು ನನಗಿದೆ. ಕಳೆದ ತಿಂಗಳು ಒಂದು ಪುಟದ ಪರೀಕ್ಷಾ ಚೀಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ನಮ್ಮ ಊರಿನ ಮೂರು ಅಂಗಡಿಗಳಿಗೆ ಕೊಟ್ಟೆ. ಮೊದಲ ಸಾಲಿನಲ್ಲಿ ‘ಯಂತ್ರ ಹೇಗೆ ನಿಂತಿತು ಎಂದು ಗ್ರಾಹಕರು ಹೇಳಿದ ಮಾತು’ ಎಂಬುದಕ್ಕೆ ಜಾಗ ಬಿಟ್ಟಿದ್ದೇನೆ. ಒಂದು ಅಂಗಡಿಯವರು ಅದನ್ನು ಜೆರಾಕ್ಸ್ ಮಾಡಿಸಿ ಬಳಸಲು ಶುರು ಮಾಡಿದ್ದಾರೆ.

ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ದಾವಣಗೆರೆ