ಏಳು ಗಂಟೆಯ ವಾಕ್ಯ

ಡಬ್ಲಿನ್

ಪ್ರೀತಿಯ ತಂಗಿಗೆ,

ಅಪ್ಪ, ಅವ್ವನಿಗೆ ನಮಸ್ಕಾರ ಹೇಳು. ನಾನು ಆರಾಮಾಗಿದ್ದೇನೆ. ಕಲಬುರಗಿಯಲ್ಲಿ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುತ್ತಿಲ್ಲ ಅಂತ ಅವ್ವ ಹೇಳಿದಳು. ಇಲ್ಲಿ ನಾವಿನ್ನೂ ಸ್ವೆಟರ್ ಬಿಟ್ಟಿಲ್ಲ.

ಪರೀಕ್ಷೆಗೆ ನೀನು ಬರೆದುಕೊಂಡ ಇಂಗ್ಲಿಷ್ ವಾಕ್ಯಗಳ ಫೋಟೋ ನೋಡಿದೆ. ‘ಸೆಲ್ಫ್-ಇಂಪೋಸ್ಡ್’ ಅನ್ನುವುದನ್ನು ಎಲ್ಲಿ ಬಳಸಬೇಕು ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

‘ಇಂಪೋಸ್’ ಅಂದರೆ ಹೇರುವುದು. ಸರ್ಕಾರ ತೆರಿಗೆ ಹಾಕಿದರೂ, ಕೋರ್ಟು ದಂಡ ಹಾಕಿದರೂ, ಊರಲ್ಲಿ ಕರ್ಫ್ಯೂ ಹಾಕಿದರೂ ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದ ನಡೆಯುತ್ತದೆ. ಹೇರಿದವರು, ಹೊತ್ತವರು ಇಬ್ಬರೂ ಒಬ್ಬರೇ ಆದಾಗ ಮುಂದೆ ‘ಸೆಲ್ಫ್’ ಸೇರುತ್ತದೆ. ನಡುವೆ ಹೈಫನ್ ಬೇಕು. ಡೆಡ್‌ಲೈನ್, ಲಿಮಿಟ್, ರೂಲ್, ಸೈಲೆನ್ಸ್, ಎಕ್ಸೈಲ್, ಹೆಚ್ಚಾಗಿ ಇಂಥ ಪದಗಳ ಮುಂದೆ ಬರುತ್ತದೆ. ಗಾಯ, ನೋವಿಗೆ ಮಾತ್ರ ‘ಸೆಲ್ಫ್-ಇನ್‌ಫ್ಲಿಕ್ಟೆಡ್’ ಅನ್ನಬೇಕು. ಅವೆರಡನ್ನು ಕಲೆಸಬೇಡ.

ಅವ್ವನನ್ನೇ ನೋಡು. ಚಹಾಕ್ಕೆ ಸಕ್ಕರೆ ಬಿಟ್ಟಿದ್ದು ಡಾಕ್ಟರ್ ಹೇಳಿದ ಮೇಲೆ. ಅಲ್ಲಿ ಈ ಪದ ಸರಿಹೋಗಲ್ಲ. ಶ್ರಾವಣ ಸೋಮವಾರ ಒಂದೇ ಹೊತ್ತು ಉಣ್ಣುತ್ತಾಳಲ್ಲ, ಅದನ್ನು ಯಾರೂ ಹೇಳಿಲ್ಲ. ನಮಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ, ತಾನು ಮಾತ್ರ ಸಂಜೆ ದೀಪ ಹಚ್ಚುವವರೆಗೆ ಒಂದು ತುಣುಕೂ ಬಾಯಿಗೆ ಹಾಕಲ್ಲ. ಬಿಟ್ಟರೂ ಕೇಳುವವರಿಲ್ಲ, ಆದರೂ ಬಿಡಲ್ಲ. ಆ ಪದ ಅಲ್ಲಿ ಸರಿಯಾಗಿ ಕೂರುತ್ತದೆ.

ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದ ಕಥೆ ನಿನಗೆ ಗೊತ್ತಲ್ವಾ? 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಜಾಸ್ತಿ ತಂದ. ಅಷ್ಟು ಅಕ್ಕಿಯ ಆಸೆ ಯಾಕೆ, ತಂದಲ್ಲೇ ಸುರಿದು ಬಾ ಅಂದಳು ಹೆಂಡತಿ ಲಕ್ಕಮ್ಮ. ಆ ಮಿತಿಯನ್ನು ಬಸವಣ್ಣ ಹಾಕಿರಲಿಲ್ಲ, ರಾಜ ಬಿಜ್ಜಳನೂ ಹಾಕಿರಲಿಲ್ಲ. ಬಡತನದಲ್ಲಿದ್ದೂ ಇಷ್ಟೇ ಸಾಕು ಅಂದ ಆ ಹೆಣ್ಣುಮಗಳ ಮೇಲೆ ನನಗೆ ತುಂಬಾ ಅಭಿಮಾನ.

ಇಲ್ಲಿ ಡಬ್ಲಿನ್ ಪೇಟೆ ನಡುವೆ ಈ ಊರಿನ ಲೇಖಕ ಜೇಮ್ಸ್ ಜಾಯ್ಸ್ ಪ್ರತಿಮೆ ಇದೆ. ಟೋಪಿ ಹಾಕಿಕೊಂಡು, ಕೋಲೂರಿ ನಿಂತಿದ್ದಾನೆ. 1904ರಲ್ಲಿ ಊರು ಬಿಟ್ಟ, 1912ರ ನಂತರ ಮತ್ತೆ ಬರಲೇ ಇಲ್ಲ. ಯಾರೂ ಓಡಿಸಿರಲಿಲ್ಲ. ಹಾಗಾಗಿ ‘ಸೆಲ್ಫ್-ಇಂಪೋಸ್ಡ್ ಎಕ್ಸೈಲ್’, ಅಂದರೆ ತಾನೇ ಹೇರಿಕೊಂಡ ದೇಶಾಂತರ ಅನ್ನುತ್ತಾರೆ, ಒಪ್ಪಬಹುದು. ಆದರೆ ನಮ್ಮ ಚಿತ್ರಕಾರ ಎಂ.ಎಫ್. ಹುಸೇನ್ 2006ರಲ್ಲಿ ದೇಶ ಬಿಟ್ಟಾಗಲೂ ಪೇಪರಿನವರು ಅದನ್ನೇ ಬರೆದರು. ಚಿತ್ರಗಳ ಮೇಲೆ ಕೇಸುಗಳಿದ್ದವು, ಬೆದರಿಕೆ ಇತ್ತು. ಕೊನೆಗೆ 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅಂಥ ಕಡೆ ‘ಸೆಲ್ಫ್’ ಅಂದುಬಿಟ್ಟರೆ ಹೊರಗಿನ ಒತ್ತಡವೆಲ್ಲ ಮರೆಯಾಗಿ, ಹೋದವರ ತಲೆಗೇ ಎಲ್ಲಾ ಕಟ್ಟಿದಂತಾಗುತ್ತದೆ. ನನಗೆ ಅದು ಸರಿ ಅನ್ನಿಸಲ್ಲ.

ಈಗ ನಿನ್ನ ಮೂರನೇ ವಾಕ್ಯಕ್ಕೆ ಬರುತ್ತೇನೆ. ‘ಸಂಜೆ ಏಳರೊಳಗೆ ಮನೆ ಸೇರುವುದು ನಾನೇ ಹಾಕಿಕೊಂಡ ನಿಯಮ’ ಅಂತ ಬರೆದಿದ್ದೀಯ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ನಿಯಮ ನಿನ್ನದಲ್ಲ, ಅಪ್ಪನದು. ನಾನು ಮನೆಯಲ್ಲಿದ್ದಾಗಲೂ ಅದೇ ಇತ್ತು. ಹತ್ತು ನಿಮಿಷ ತಡವಾದರೆ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಿದ್ದರು. ನೀನು ಲೈಬ್ರರಿಯಲ್ಲಿ ಅರ್ಧ ಪಾಠ ಬಿಟ್ಟು ಆಟೋ ಹುಡುಕುತ್ತೀಯ ಅಂತ ಅವ್ವನೇ ನನಗೆ ಹೇಳಿದ್ದಾಳೆ.

ಅಪ್ಪ, ಈ ಮಾತು ನಿಮಗೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ದೂರದಲ್ಲಿ ಕೂತು ಹೇಳುವುದು ಸುಲಭ ಅಂತಲೂ ಗೊತ್ತು. ಆದರೂ ಪರೀಕ್ಷೆ ಮುಗಿಯುವವರೆಗಾದರೂ ಅವಳ ಹೊತ್ತನ್ನು ಅವಳೇ ಗೊತ್ತು ಮಾಡಲಿ. ಬೆಳಿಗ್ಗೆ ಹೇಳಿ ಹೋಗಲಿ, ಹೊರಡುವಾಗ ಒಂದು ಫೋನ್ ಮಾಡಲಿ. ಎಂಟು ಅಂದರೆ ಎಂಟಕ್ಕೆ ಬರುತ್ತಾಳೆ, ಅವಳನ್ನು ನಾನು ಬಲ್ಲೆ. ಭಾನುವಾರ ಫೋನ್ ಮಾಡುತ್ತೇನೆ, ಆಗ ಏನಂತೀರಿ ಹೇಳಿ.

ನಿನ್ನ ಅಕ್ಕ