ಮರಿ ಬೂತಾಯಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗದಿರಲಿ

ಮಾನ್ಯರೇ,

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದೊಡನೆ ಪತ್ರಿಕೆಗಳಲ್ಲಿ ಮೀನುಗಾರಿಕಾ ಬಂದರಿನ ದಕ್ಕೆಯ ಮೇಲೆ ಸುರಿದ ಮೀನಿನ ರಾಶಿಯ ಚಿತ್ರ ಪ್ರತಿವರ್ಷ ಬರುತ್ತದೆ. ‘ಬಂಪರ್ ಬೂತಾಯಿ’ ಎಂಬ ತಲೆಬರಹವೂ ಇರುತ್ತದೆ. ಆ ಬೂತಾಯಿಯ (ಇಂಗ್ಲಿಷಿನಲ್ಲಿ ಆಯಿಲ್ ಸಾರ್ಡೀನ್) ಉದ್ದ ಎಷ್ಟಿತ್ತು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ನಾನು ಉಡುಪಿ ಜಿಲ್ಲೆಯವಳು. ದಕ್ಕೆಯ ಏಲಂನಲ್ಲಿ ಮೀನು ಕೊಂಡು ಪೇಟೆಯಲ್ಲಿ ಕುಳಿತು ಮಾರುತ್ತೇನೆ. ನನ್ನ ಅತ್ತೆಯೂ ಇದೇ ಬುಟ್ಟಿ ಹೊತ್ತು ಮನೆ ನಡೆಸಿದವರು. ಮೀನಿನ ಉದ್ದ ನಮ್ಮ ಬದುಕಿನ ಪ್ರಶ್ನೆ. ಅದಕ್ಕಾಗಿಯೇ ಈ ಪತ್ರ.

ಗಿರಾಕಿಗಳಿಗೆ ಮೀನು ಕೊಯ್ದು ಕೊಡುವವರಿಗೆ ಅದರ ವರ್ಷದ ಲೆಕ್ಕ ಕತ್ತಿಯ ತುದಿಯಲ್ಲೇ ಸಿಗುತ್ತದೆ. ಜೂನ್ ತಿಂಗಳಲ್ಲಿ ನಿಷೇಧದಿಂದ ಹೊರಗಿರುವ ನಾಡದೋಣಿಯವರು ತರುವ ದೊಡ್ಡ ಬೂತಾಯಿಯ ಹೊಟ್ಟೆ ಸೀಳಿದರೆ ಒಳಗೆಲ್ಲ ಮೊಟ್ಟೆಯೇ. ಮಾಂಸ ಆಗ ಒಣ ಒಣ. ಇದ್ದ ಕೊಬ್ಬೆಲ್ಲ ಮೊಟ್ಟೆಗೆ ಹೋಗಿರುತ್ತದೆ. ಅದೇ ದೀಪಾವಳಿಯ ಹೊತ್ತಿಗೆ ಕರುಳಿನ ಸುತ್ತ ಬಿಳಿ ಕೊಬ್ಬು ಮೆತ್ತಿಕೊಂಡಿರುತ್ತದೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಹುಳಿಖಾರದ ಪುಳಿಮುಂಚಿ ಸಾರಿಗೆ ಆ ಕಾಲದ ಬೂತಾಯಿಯೇ ಆಗಬೇಕು. ಕಿವಿರು ಎತ್ತಿ ನೋಡಿದರೆ ಒಳಗೆ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಳೆಗಳ ಸಾಲು ಕಾಣುತ್ತದೆ. ಬಾಯಿ ತೆರೆದು ಈಜುವಾಗ ನೀರು ಅದರಿಂದ ಸೋಸಿಹೋಗಿ, ಕಣ್ಣಿಗೆ ಕಾಣದ ಪಾಚಿ ಹೊಟ್ಟೆಗೆ ಉಳಿಯುತ್ತದೆ. ಮುಂಗಾರಿನ ಕಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಮೇಲಿನ ನೀರು ದೂರ ಸರಿದು, ತಳದ ತಂಪು ನೀರು ಗೊಬ್ಬರದ ಸತ್ವವನ್ನು ಹೊತ್ತು ಮೇಲೇಳುತ್ತದೆ. ಆ ಸತ್ವಕ್ಕೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಮೊಟ್ಟೆಯಿಡುವುದೂ ಮರಿಗಳು ಮೇಯುವುದೂ ಅದೇ ಹೊತ್ತಿಗೆ. ಅಂಜಲ್, ಕೇದರದಂಥ ದೊಡ್ಡ ಮೀನುಗಳು, ಡಾಲ್ಫಿನ್, ಕಡಲಹಕ್ಕಿ ಎಲ್ಲವೂ ಈ ಮೀನನ್ನು ಹಿಂಬಾಲಿಸಿ ಬರುತ್ತವೆ. ಅಂದರೆ ನಾವು ಹೆಚ್ಚು ದುಡ್ಡು ಕೊಟ್ಟು ತಿನ್ನುವ ಅಂಜಲ್‌ಗೂ ಅನ್ನ ಹಾಕುವುದು ಬೂತಾಯಿಯೇ.

ಮನುಷ್ಯನಿಗೆ ಇದು ಮಾಡಿದ ಉಪಕಾರ ಸಣ್ಣದಲ್ಲ. ಅತ್ತೆಯವರ ಕಾಲದಲ್ಲಿ ದಡದಿಂದ ಎಳೆಯುವ ದೊಡ್ಡ ಬಲೆಯಾದ ರಾಂಪಣಿಗೆ ಬಿದ್ದ ಹೆಚ್ಚಿನ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು, ಅದರ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿಯುತ್ತಿದ್ದರು. ಆದರೆ ದೊಡ್ಡ ಉಪಕಾರ ಊಟದ್ದು. ಕೂಲಿಗೆ ಹೋಗುವ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯ ಜೊತೆ ಮಕ್ಕಳ ಬಟ್ಟಲಿಗೆ ಬೀಳುವ ಮೀನು ಇದೊಂದೇ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ–3 ಇದರಲ್ಲಿ ಧಾರಾಳವಾಗಿದೆ. ಮೆತ್ತಗಿನ ಮುಳ್ಳನ್ನೂ ಅಗಿದು ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ. ಪಾಂಪ್ಲೆಟ್, ಸಿಗಡಿ ಕೇಳುವ ಗಿರಾಕಿಗಳಿಂದ ನನಗೆ ಲಾಭ ಹೆಚ್ಚು, ನಿಜ. ಆದರೂ ಸಂಜೆ ಕೆಲಸ ಮುಗಿಸಿ ಬಂದು ಬೂತಾಯಿ ಕೇಳುವ ಹೆಂಗಸನ್ನು ಬರಿಗೈಯಲ್ಲಿ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ.

ಈ ಮೀನು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಪಕ್ಕದ ಕೇರಳ ಕಂಡಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲಿನ ಬಿಸಿ, ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೊ, ಮಳೆಯ ಏರುಪೇರು ಎಲ್ಲವೂ ಇದಕ್ಕೆ ಕಾರಣ. ಬೂತಾಯಿ ಹಿಂದಿನಿಂದಲೂ ಒಂದು ಕಾಲಕ್ಕೆ ಉಕ್ಕಿ ಬಂದು, ಇನ್ನೊಂದು ಕಾಲಕ್ಕೆ ಕಾಣೆಯಾಗುವ ಮೀನು. ಹೀಗಾಗಿ ಎಲ್ಲ ತಪ್ಪನ್ನೂ ಬೋಟಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕಡಲಿನ ಬಿಸಿಯನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಮರಿಗಳನ್ನು ಬಿಡುವುದು ನಮ್ಮ ಕೈಯಲ್ಲಿದೆ.

ಬೂತಾಯಿ ಮೊದಲ ಸಲ ಮೊಟ್ಟೆಯಿಡಲು ಹೆಚ್ಚುಕಡಿಮೆ 15 ಸೆಂ.ಮೀ. ಬೆಳೆಯಬೇಕು. ಅದಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ಅದರ ಆಯುಸ್ಸೇ ಎರಡು ಎರಡೂವರೆ ವರ್ಷ. ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂಬ ನಿಯಮವಿದೆ. ನನ್ನ ಮಟ್ಟಿಗೆ ಅದೂ ಕಡಿಮೆಯೇ. ಆ ಗಾತ್ರದ್ದು ಇನ್ನೂ ಒಂದು ಸಲವೂ ಮೊಟ್ಟೆಯಿಟ್ಟಿರುವುದಿಲ್ಲ. ನಮ್ಮ ದಕ್ಕೆಯಲ್ಲಿ ನನ್ನ ಬೆರಳಿನಷ್ಟೂ ಉದ್ದವಿಲ್ಲದ ಮರಿಗಳು ಏಲಂಗೂ ಬಾರದೆ ನೇರವಾಗಿ ಲಾರಿ ಹತ್ತುವುದನ್ನು ನೋಡಿದ್ದೇನೆ. ಅವು ಹೋಗುವುದು ಮೀನಿನ ಹಿಟ್ಟು ಮತ್ತು ಎಣ್ಣೆ ಮಾಡುವ ಕಾರ್ಖಾನೆಗೆ. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹಿಟ್ಟು ಸಿಗಡಿ ಕೆರೆಗೆ, ಕೋಳಿ ಫಾರಂಗೆ ಆಹಾರವಾಗುತ್ತದೆ. ಬಡವರ ಬಟ್ಟಲಿಗೆ ಬರಬೇಕಾದ ಮೀನು ಬೆಳೆಯುವ ಮೊದಲೇ ಹೀಗೆ ಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಬೋಟಿನವರ ಕಷ್ಟವೂ ನನಗೆ ಗೊತ್ತು. ಡೀಸೆಲ್, ಐಸ್, ಕೆಲಸದವರ ಪಾಲು ಎಲ್ಲ ಕಳೆದು ಕೈಗೆ ಏನೂ ಉಳಿಯದ ದಿನ ಮರಿ ಮೀನಿಗೂ ಬೆಲೆ ಸಿಗುತ್ತದೆಂದರೆ ಯಾರು ಬಿಟ್ಟು ಬರುತ್ತಾರೆ? ಅದೂ ಅಲ್ಲದೆ, ಬಲೆಗೆ ಬಿದ್ದ ಮೇಲೆ ಬಿಟ್ಟರೂ ಹೆಚ್ಚಿನವು ಬದುಕುವುದಿಲ್ಲ. ಬೂತಾಯಿಯ ಹುರುಪೆ ಮುಟ್ಟಿದರೆ ಉದುರುವಷ್ಟು ಸಡಿಲ. ಆದ್ದರಿಂದ ತಡೆ ಇರಬೇಕಾದದ್ದು ಕೊಳ್ಳುವ ಬಾಗಿಲಲ್ಲಿ. ಮರಿ ಮೀನಿಗೆ ಗಿರಾಕಿಯೇ ಇಲ್ಲದಿದ್ದರೆ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬೀಸುವ ಮೊದಲು ಬೋಟು ನಡೆಸುವ ತಂಡೇಲರು ಹಿಂಡನ್ನು ನೋಡಿ ಯೋಚಿಸುತ್ತಾರೆ. ಹಿಂಡಿನ ಬಣ್ಣ, ನೀರಿನ ಮೇಲಿನ ಅಲುಗಾಟ ನೋಡಿಯೇ ಮೀನಿನ ಗಾತ್ರ ಹೇಳಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

ಮೀನುಗಾರಿಕೆ ಇಲಾಖೆಯನ್ನು ನಾನು ಕೇಳಿಕೊಳ್ಳುವುದು ಇಷ್ಟು. ಆಗಸ್ಟ್‌ನಿಂದ ನವೆಂಬರ್‌ವರೆಗೆ, ಮರಿಗಳು ಹೆಚ್ಚಾಗಿ ಸಿಗುವ ತಿಂಗಳುಗಳಲ್ಲಿ, ಹಿಟ್ಟಿನ ಕಾರ್ಖಾನೆಗಳ ಗೇಟಿನಲ್ಲಿ ಲಾರಿಯಿಂದ ಒಂದು ಬುಟ್ಟಿ ಮೀನು ಇಳಿಸಿ ಅಳೆಯಿರಿ. ಅಳತೆಗಿಂತ ಚಿಕ್ಕದಿದ್ದರೆ ಕಾರ್ಖಾನೆಗೇ ದಂಡ ಹಾಕಿ, ಆ ಲೆಕ್ಕವನ್ನು ತಿಂಗಳಿಗೊಮ್ಮೆ ದಕ್ಕೆಯ ಬೋರ್ಡಿನಲ್ಲಿ ಬರೆಯಿರಿ. ಅಳತೆ ನಿಗದಿ ಮಾಡುವ ಸಭೆಗೆ ಬೋಟ್ ಮಾಲೀಕರ ಜೊತೆ ಮೀನು ಮಾರುವ ಹೆಂಗಸರನ್ನೂ ಕರೆಯಿರಿ. ಯಾವ ತಿಂಗಳಲ್ಲಿ ಯಾವ ಗಾತ್ರದ ಮೀನಿನೊಳಗೆ ಮೊಟ್ಟೆಯಿರುತ್ತದೆ ಎಂದು ನಾವು ಹೇಳುತ್ತೇವೆ.

– ಮೀನು ಮಾರಾಟ ಮಾಡುವ ಮಹಿಳೆ, ಉಡುಪಿ ಜಿಲ್ಲೆ